ಗಿಟಾರಿನ ಹೊಟ್ಟೆಯೊಳಗೆ ಏನು ಬದಲಿಸಬೇಕು?

ಪ್ರಶ್ನೆ: ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದೇನೆ. ಸದಾ ಗುಂಯ್‌ಗುಡುತ್ತದೆ, ವಾಲ್ಯೂಮ್ ಇಳಿಸಿದರೆ ನಾದ ಮಂಕಾಗುತ್ತದೆ, ತಂತಿ ಎಳೆದು ಬಿಟ್ಟರೆ ಶ್ರುತಿ ತಪ್ಪುತ್ತದೆ. ಪಿಕಪ್ ಬದಲಿಸು ಎನ್ನುತ್ತಾನೆ ಒಬ್ಬ ಗೆಳೆಯ. ದುಬಾರಿ ಕೆಪ್ಯಾಸಿಟರ್ ಒಂದು ಹಾಕಿದರೆ ಸಾಕು ಎನ್ನುತ್ತಾನೆ ಇನ್ನೊಬ್ಬ. ಎಲ್ಲಿಂದ ಶುರು ಮಾಡಲಿ?
(ಓದುಗರೊಬ್ಬರು, ಹಾಸನ)

ಉತ್ತರ: ನಿಮ್ಮ ಮೂರು ದೂರುಗಳಿಗೂ ಮೂಲ ಬೇರೆ ಬೇರೆ. ಹೊಸ ಪಿಕಪ್ ಹಾಕಿಸಿದರೂ ಮೂರರಲ್ಲಿ ಎರಡು ಹಾಗೆಯೇ ಉಳಿಯುತ್ತವೆ. ಸದ್ಯಕ್ಕೆ ದುಡ್ಡು ಜೇಬಿನಲ್ಲಿರಲಿ, ಸ್ಕ್ರೂಡ್ರೈವರ್ ಕೈಗೆ ಬರಲಿ.

ಶ್ರುತಿಯ ವಿಚಾರ ಮೊದಲು. ಶ್ರುತಿ ನಿಲ್ಲದ ವಾದ್ಯದಲ್ಲಿ ಟೋನ್ ಹುಡುಕುವುದು ವ್ಯರ್ಥ. ಶ್ರುತಿ ತಪ್ಪಿದ ಕೂಡಲೇ ಎಲ್ಲರೂ ಟ್ಯೂನರುಗಳನ್ನು ಬೈಯುತ್ತಾರೆ, ಆದರೆ ತಪ್ಪು ಹೆಚ್ಚಾಗಿ ನಟ್ಟಿನದು, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿಯದು. ಅದರ ಕಚ್ಚು ಇಕ್ಕಟ್ಟಾಗಿದ್ದರೆ, ಬೆಂಡ್ ಮಾಡಿದಾಗ ತಂತಿ ಟ್ಯೂನರಿನ ಕಡೆಯಿಂದ ಕೊಂಚ ಜಾರಿ ಬರುತ್ತದೆ. ಬಿಟ್ಟಾಗ ಮಾತ್ರ ವಾಪಸ್ಸು ಜಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ವರ ಇಳಿದು ಕೂರುವುದು ಹೀಗೆ. ಟ್ಯೂನ್ ಮಾಡುವಾಗ ನಟ್ಟಿನ ಬಳಿ ‘ಟಿಕ್’ ಎಂದು ಸದ್ದಾದರೆ ಅನುಮಾನವೇ ಬೇಡ. ಕಚ್ಚಿನೊಳಗೆ ಮೆತ್ತನೆಯ ಪೆನ್ಸಿಲಿನ ಸೀಸ ಉಜ್ಜಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮೂಳೆಯ ಅಥವಾ ಗ್ರ್ಯಾಫೈಟಿನ ನಟ್ ತಂದು, ಕಚ್ಚುಗಳನ್ನು ನಿಮ್ಮ ತಂತಿಯ ದಪ್ಪಕ್ಕೆ ಸರಿಯಾಗಿ ಕೊರೆಯಲು ಗೊತ್ತಿರುವವರ ಕೈಗೆ ಕೊಡಿ. ಗಿಟಾರಿನಲ್ಲಿ ಗಮಕ ನುಡಿಸುವವರಿಗಂತೂ ಇದೇ ಮೊದಲ ರಿಪೇರಿ.

ಟ್ರೆಮೊಲೊ ಕೈಯನ್ನು ನೀವು ಬಳಸುವುದಿಲ್ಲವಾದರೆ ಹಿಂಬದಿಯ ಸ್ಪ್ರಿಂಗುಗಳನ್ನು ಬಿಗಿ ಮಾಡಿ ಬ್ರಿಡ್ಜನ್ನು ಮರಕ್ಕೆ ಒತ್ತಿ ಕೂರಿಸಿ. ಅರ್ಧ ಕಾಟ ಅಲ್ಲಿಗೆ ಮುಗಿಯುತ್ತದೆ. ಅಗ್ಗದ ಗಿಟಾರುಗಳಲ್ಲಿ ಬ್ರಿಡ್ಜಿನ ಕೆಳಗಿನ ಲೋಹದ ಗಟ್ಟಿ (ಬ್ಲಾಕ್) ಸತುವಿನ ಮಿಶ್ರಲೋಹದ್ದು. ಅದರ ಬದಲು ಉಕ್ಕಿನದು ಹಾಕಿದರೆ ವ್ಯತ್ಯಾಸ ಇದೆ, ಆದರೆ ಜಾಹೀರಾತು ಹೇಳುವಷ್ಟಿಲ್ಲ. ಕೊಳ್ಳುವುದೇ ಆದರೆ ಮೊದಲ ತಂತಿಯಿಂದ ಆರನೆಯ ತಂತಿಯ ನಡುವಿನ ಅಂತರವನ್ನು ಬ್ರಿಡ್ಜಿನ ಮೇಲೆ ಅಳೆದುಕೊಳ್ಳಿ. 52.5, 54, 56 ಮಿಲಿಮೀಟರ್ ಎಂದು ಬೇರೆ ಬೇರೆ ಅಳತೆಗಳಿವೆ; ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಇನ್ನು ವೈರಿಂಗ್. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಬಹುಮಂದಿ ಮರೆಯುವ ಸಂಗತಿ ಏನೆಂದರೆ, ಪಿಕಪ್ ಒಂದೇ ನಿಂತು ದನಿ ಕೊಡುವುದಿಲ್ಲ. ಅದರ ಸುರುಳಿ, ವಾಲ್ಯೂಮ್ ಮತ್ತು ಟೋನ್ ಪಾಟುಗಳು (ನಾಬ್ ತಿರುಗಿಸಿದಾಗ ರೋಧ ಬದಲಾಗುವ ಭಾಗಗಳು), ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಎಲ್ಲ ಸೇರಿ ಒಂದೇ ಸರ್ಕ್ಯೂಟ್. ಆ ಸರ್ಕ್ಯೂಟಿಗೆ ಯಾವುದೋ ಒಂದು ಆವರ್ತನದ ಮೇಲೆ ವಿಶೇಷ ಪ್ರೀತಿ; ಅಲ್ಲಿ ಧ್ವನಿ ಉಬ್ಬುತ್ತದೆ, ಅದರಾಚೆ ಇಳಿದುಹೋಗುತ್ತದೆ. ಸ್ಟ್ರ್ಯಾಟ್ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೆ ಮೂರು ಮೀಟರ್ ಕೇಬಲ್ ಸಿಕ್ಕಿಸಿದರೆ ಉಬ್ಬು 5000 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಕೇಬಲ್ ಐದಾರು ಮೀಟರ್ ಆದರೆ ಅದು 4000ದ ಹತ್ತಿರಕ್ಕೆ ಇಳಿಯುತ್ತದೆ, ಏಕೆಂದರೆ ಸಾಮಾನ್ಯ ಕೇಬಲ್ಲಿನ ಪ್ರತಿ ಮೀಟರಿಗೂ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಸೇರುತ್ತಾ ಹೋಗುತ್ತದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಳಸುತ್ತಿದ್ದ ಉದ್ದದ ಸುರುಳಿ ಕೇಬಲ್ಲು ಅವನ ಸ್ಟ್ರ್ಯಾಟಿನ ಚೂಪನ್ನು ತಾನಾಗಿಯೇ ತಗ್ಗಿಸುತ್ತಿತ್ತು. ಅಂದರೆ, ಟೋನ್ ಮಂಕಾಗಿದೆ ಎಂದು ಗಿಟಾರ್ ಬಿಚ್ಚುವ ಮೊದಲು ಗೆಳೆಯನ ಗಿಡ್ಡ ಕೇಬಲ್ ಒಂದನ್ನು ಸಿಕ್ಕಿಸಿ ನುಡಿಸಿ ನೋಡಿ.

ಪಾಟಿನ ರೋಧವೂ ಅಷ್ಟೇ ಮುಖ್ಯ. ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಎರಡು ಸುರುಳಿಯ ಹಂಬಕ್ಕರ್‌ಗೆ 500 ಎನ್ನುವುದು ರೂಢಿ. ಪಾಟಿನ ರೋಧ ಹೆಚ್ಚಾದಷ್ಟೂ ಮೇಲಿನ ಸ್ವರಾಂಶ ಹೆಚ್ಚು ಉಳಿಯುತ್ತದೆ. ಅದರ ಮೇಲಿನ ಅಕ್ಷರವನ್ನೂ ನೋಡಿ: ‘ಎ’ ಎಂದಿದ್ದರೆ ಕಿವಿಗೆ ಹೊಂದುವಂತೆ ಏರುವ ಆಡಿಯೊ ಟೇಪರ್, ‘ಬಿ’ ಎಂದಿದ್ದರೆ ಲೀನಿಯರ್. ಅಗ್ಗದ ಗಿಟಾರಿನಲ್ಲಿ ವಾಲ್ಯೂಮಿಗೆ ‘ಬಿ’ ಹಾಕಿಬಿಟ್ಟಿರುವುದು ಉಂಟು. ಆಗ ಹತ್ತರಿಂದ ಮೂರರವರೆಗೆ ತಿರುಗಿಸಿದರೂ ದೊಡ್ಡ ಬದಲಾವಣೆ ಕೇಳುವುದಿಲ್ಲ, ಆಮೇಲೆ ಧ್ವನಿ ಒಮ್ಮೆಲೇ ಕುಸಿಯುತ್ತದೆ. ಪಾಟ್ ತರುವ ಮೊದಲು ರಂಧ್ರವನ್ನೂ ಅಳೆಯಿರಿ: ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ 16 ಮಿಲಿಮೀಟರಿನ ಚಿಕ್ಕ ಪಾಟ್ ಇರುತ್ತದೆ. ಅಮೆರಿಕದ 24 ಮಿಲಿಮೀಟರಿನದಕ್ಕೆ ಪ್ಲೇಟಿನ ತೂತು ದೊಡ್ಡದು ಮಾಡಬೇಕಾಗುತ್ತದೆ, ಹಳೆಯ ನಾಬ್ ಕೂಡ ಕೂರದಿರಬಹುದು.

ವಾಲ್ಯೂಮ್ ಇಳಿಸಿದಾಗ ಮಂಕಾಗುವ ನಿಮ್ಮ ಎರಡನೆಯ ದೂರಿಗೆ ಕಾರಣ ಇಲ್ಲೇ ಇದೆ. ಪಾಟ್ ತಿರುಗಿಸಿದಾಗ ಸಂಕೇತದ ದಾರಿಯಲ್ಲಿ ರೋಧ ಬಂದು ಕೂರುತ್ತದೆ. ಆ ರೋಧವೂ ಕೇಬಲ್ಲಿನ ಕೆಪ್ಯಾಸಿಟೆನ್ಸೂ ಸೇರಿ ತಾರಸ್ವರಗಳನ್ನು ಸೋಸಿಬಿಡುತ್ತವೆ. ಪರಿಹಾರಕ್ಕೆ ಬೇಕಾದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಸುಮಾರು 1000 ಪಿಕೋಫ್ಯಾರಡಿನ ಕೆಪ್ಯಾಸಿಟರನ್ನೂ 150 ಕಿಲೋಓಮಿನ ರೆಸಿಸ್ಟರನ್ನೂ ಜೋಡಿಸಿ, ವಾಲ್ಯೂಮ್ ಪಾಟಿನ ಒಳಬರುವ ಕಾಲಿನಿಂದ ನಡುವಿನ ಕಾಲಿಗೆ ಬೆಸೆಯುವುದು. ಟ್ರೆಬಲ್ ಬ್ಲೀಡ್ ಎನ್ನುತ್ತಾರೆ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಎಲೆಕ್ಟ್ರಿಕ್ ಗಿಟಾರಿನಲ್ಲಿ ಇನ್ನೊಂದೇ ಇದೆ. ಹಳೆಯ ಸ್ಟ್ರ್ಯಾಟ್ ವೈರಿಂಗಿನಲ್ಲಿ ಬ್ರಿಡ್ಜ್ ಪಿಕಪ್ಪಿಗೆ ಟೋನ್ ಪಾಟೇ ಇರುವುದಿಲ್ಲ. ಇರುವ ಎರಡು ಟೋನ್ ಪಾಟುಗಳಲ್ಲಿ ಒಂದು ಕುತ್ತಿಗೆಯ ಪಿಕಪ್ಪಿಗೆ, ಇನ್ನೊಂದು ನಡುವಿನದಕ್ಕೆ. ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಚೀರುವ ಪಿಕಪ್ಪಿಗೇ ಲಗಾಮಿಲ್ಲ! ಸ್ವಿಚ್ಚಿನ ಮೇಲೆ ಬೆರಳುದ್ದದ ವೈರ್ ತುಂಡೊಂದನ್ನು ಬೆಸೆದು ಎರಡನೆಯ ಟೋನ್ ಪಾಟನ್ನು ಬ್ರಿಡ್ಜಿಗೂ ಹಂಚಿದರೆ ಆ ಕರ್ಕಶ ಹಿಡಿತಕ್ಕೆ ಬರುತ್ತದೆ.

ಗೆಳೆಯರು ಹೇಳಿದ ದುಬಾರಿ ಕೆಪ್ಯಾಸಿಟರ್? ಎಣ್ಣೆಯಲ್ಲಿ ನೆನೆಸಿದ ಕಾಗದದ ಹಳೆಯ ಕೆಪ್ಯಾಸಿಟರಿಗೆ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಟೋನ್ ಪಾಟ್ ಹತ್ತರಲ್ಲಿದ್ದಾಗ ಆ ಕೆಪ್ಯಾಸಿಟರಿಗೂ ಸಂಕೇತಕ್ಕೂ ನಡುವೆ ಪಾಟಿನ ಪೂರ್ತಿ ರೋಧ ನಿಂತಿರುತ್ತದೆ, ಅದರ ಕುಲಗೋತ್ರ ಕಿವಿಗೆ ತಲುಪುವುದಿಲ್ಲ. ಪರಿಣಾಮ ಬೀರುವುದು ಅದರ ಕೆಪ್ಯಾಸಿಟೆನ್ಸಿನ ಅಂಕಿ: 0.047 ಮೈಕ್ರೋಫ್ಯಾರಡ್ ಇದ್ದರೆ ಟೋನ್ ಇಳಿಸಿದಾಗ ಗಾಢವಾಗಿ ಮಂಕಾಗುತ್ತದೆ, 0.022 ಇದ್ದರೆ ಅಷ್ಟಿಲ್ಲ. ಸಾಮಾನ್ಯ ಪಾಟುಗಳ ತಯಾರಿಕೆಯಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಇರುತ್ತದೆ, ಅಂದರೆ 250 ಎಂದು ಬರೆದದ್ದು 200 ಇರಬಹುದು, 300 ಇರಬಹುದು. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಗಿಟಾರ್ ಬೇರೆ ಬೇರೆ ನುಡಿಯುವುದಕ್ಕೆ ಈ ವ್ಯತ್ಯಾಸವೂ ಕಾರಣ. ಮಲ್ಟಿಮೀಟರ್ ಹಿಡಿದು ಅಳೆದು ಆರಿಸಿದ ಪಾಟು ಯಾವ ಪುರಾತನ ಕೆಪ್ಯಾಸಿಟರಿಗಿಂತಲೂ ಮೇಲು.

ಗುಂಯ್‌ಕಾರದಲ್ಲಿ ಎರಡು ಜಾತಿ. ಗಿಟಾರ್ ಹಿಡಿದು ನಿಂತಲ್ಲೇ ಮೆಲ್ಲಗೆ ತಿರುಗಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ, ಮನೆಯ 50 ಹರ್ಟ್ಸ್ ವಿದ್ಯುತ್ತಿನ ಕಾಂತಕ್ಷೇತ್ರ ಸುರುಳಿಯೊಳಗೆ ನುಗ್ಗುತ್ತಿದೆ ಎಂದರ್ಥ. ಅದರ ಬದಲು ಚರಚರ ಎನ್ನುವ ಸದ್ದಿದ್ದು, ತಂತಿ ಮುಟ್ಟಿದಾಗ ತಗ್ಗಿದರೆ ಅದು ವಿದ್ಯುತ್‌ಕ್ಷೇತ್ರದ್ದು. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರು, ಡಿಮ್ಮರು, ಕೆಲವು ಎಲ್‌ಇಡಿ ದೀಪಗಳು ಇದಕ್ಕೆ ಹೆಸರುವಾಸಿ. ಫ್ಯಾನ್ ಆಫ್ ಮಾಡಿ ನೋಡಿದರೇ ಗೊತ್ತಾಗುತ್ತದೆ. ಎರಡನೆಯ ಜಾತಿಗೆ ತಾಮ್ರದ ಅಂಟುಪಟ್ಟಿ ಮದ್ದು: ಒಳಗುಳಿಯ ಗೋಡೆಗಳಿಗೂ ಪ್ಲೇಟಿನ ಹಿಂಬದಿಗೂ ಅಂಟಿಸಿ, ತುಂಡುಗಳೆಲ್ಲ ಒಂದಕ್ಕೊಂದು ತಾಗಿವೆಯೇ ಎಂದು ಮೀಟರಿನಲ್ಲಿ ಪರೀಕ್ಷಿಸಿ, ಗ್ರೌಂಡಿಗೆ ಸೇರಿಸಬೇಕು. ಮೊದಲನೆಯ ಜಾತಿಗೆ ತಾಮ್ರದ ಹಾಳೆ ಏನೂ ಮಾಡದು. ಕಾಂತಕ್ಷೇತ್ರ ಅದರ ಮೂಲಕ ಆರಾಮವಾಗಿ ಹಾದುಹೋಗುತ್ತದೆ. ಶೀಲ್ಡಿಂಗ್ ಮಾಡಿಸಿಯೂ ಗುಂಯ್ ನಿಲ್ಲಲಿಲ್ಲ ಎಂದು ಪರದಾಡುವವರೆಲ್ಲ ಎಡವುವುದು ಇಲ್ಲೇ.

ಕಾಂತಕ್ಷೇತ್ರಕ್ಕೆ ಉತ್ತರ ಕಂಡುಕೊಂಡವರಲ್ಲಿ ಒಬ್ಬ ಗಿಬ್ಸನ್ ಕಂಪನಿಯ ಸೆತ್ ಲವರ್. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ಅಯಸ್ಕಾಂತದ ಧ್ರುವವನ್ನೂ ಅದಲುಬದಲು ಮಾಡಿದ: ಗುಂಯ್ ಪರಸ್ಪರ ಕಳೆದುಹೋಗುತ್ತದೆ, ತಂತಿಯ ನಾದ ಕೂಡಿಕೊಳ್ಳುತ್ತದೆ. 1957ರಲ್ಲಿ ಈ ‘ಹಂಬಕ್ಕರ್’ ಲೆಸ್ ಪಾಲ್ ಗಿಟಾರಿಗೆ ಬಂತು. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅಂಥದ್ದೊಂದು ಗಿಬ್ಸನ್ ಪಿಕಪ್ಪನ್ನು ಮೇಣದಲ್ಲಿ ಅದ್ದಿ, ಸ್ಟ್ರ್ಯಾಟ್ ಆಕಾರದ ದೇಹಕ್ಕೆ ತುರುಕಿ, ವೈರಿಂಗನ್ನು ಒಂದೇ ವಾಲ್ಯೂಮ್ ಪಾಟಿಗೆ ಇಳಿಸಿದ. ಅಪ್‌ಗ್ರೇಡ್ ಎಂದರೆ ಸೇರಿಸುವುದೇ ಆಗಬೇಕಿಲ್ಲ. ಈಗ ಸಿಂಗಲ್ ಕಾಯಿಲ್ ಅಳತೆಯಲ್ಲೇ ಹಂಬಕ್ಕರ್ ಸಿಗುತ್ತದೆ, ಮರ ಕೊರೆಯಬೇಕಿಲ್ಲ. ಆದರೆ ಸ್ಟ್ರ್ಯಾಟಿನ ಆ ಗಾಜಿನಂಥ ಸ್ಪಷ್ಟತೆ ಒಂದಿಷ್ಟು ಹೋಗುತ್ತದೆ. ನನಗಾದರೆ ಸ್ವಲ್ಪ ಗುಂಯ್ ಇದ್ದರೂ ಪರವಾಗಿಲ್ಲ.

ಇಷ್ಟೆಲ್ಲ ಆದ ಮೇಲೂ ನಾದ ಒಪ್ಪದಿದ್ದರೆ ಪಿಕಪ್ ಬದಲಿಸಿ. ನಿಜವಾದ ದೊಡ್ಡ ಬದಲಾವಣೆ ಬರುವುದೇ ಅದರಿಂದ, ಆದರೆ ಅದರ ಸರದಿ ಕೊನೆಗೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಕಂಬಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇರುತ್ತದೆ. ಕಂಬಗಳೇ ಆಲ್ನಿಕೊ ಅಯಸ್ಕಾಂತವಾಗಿರುವ ಪಿಕಪ್ಪಿಗೆ ಬಂದರೆ ವ್ಯತ್ಯಾಸವನ್ನು ಗಿಟಾರ್ ನುಡಿಸದವರೂ ಗುರುತಿಸಬಲ್ಲರು. ಕೊಳ್ಳುವ ಮೊದಲು ಇದ್ದುದರ ಎತ್ತರ ಸರಿಪಡಿಸಿ ನೋಡಿ: ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಗೂ ಕಂಬಕ್ಕೂ ಸುಮಾರು 2.4 ಮಿಲಿಮೀಟರ್, ಸಣ್ಣ ತಂತಿಗೆ 2 ಮಿಲಿಮೀಟರ್ ಅಂತರ ಇಟ್ಟು ಶುರು ಮಾಡಿ. ಬಲವಾದ ಅಯಸ್ಕಾಂತ ತೀರಾ ಹತ್ತಿರವಿದ್ದರೆ ತಂತಿಯನ್ನೇ ಎಳೆದು ಸ್ವರವನ್ನು ನಡುಗಿಸುತ್ತದೆ.

ಬೆಸುಗೆ ಹಾಕುವವರು ನೀವೇ ಆದರೆ ಮೊದಲು ಮೊಬೈಲಿನಲ್ಲಿ ಒಳಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಪಾಟಿನ ಬೆನ್ನಿಗೆ ಬೆಸೆಯಲು 40ರಿಂದ 60 ವ್ಯಾಟಿನ ಐರನ್ ಬೇಕು. ಸಣ್ಣದರಲ್ಲಿ ನಿಮಿಷಗಟ್ಟಲೆ ಒತ್ತಿ ಹಿಡಿದರೆ ಪಾಟೇ ಬೆಂದುಹೋಗುತ್ತದೆ. ಕೆಲಸ ಮುಗಿದ ಮೇಲೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಬುಡಕ್ಕೂ ಮೀಟರ್ ಇಡಿ. ಸಿಂಗಲ್ ಕಾಯಿಲ್‌ನಲ್ಲಿ 5ರಿಂದ 8 ಕಿಲೋಓಮ್ ತೋರಿಸಿದರೆ ಎಲ್ಲ ಸರಿ.

ಕೊನೆಗೊಂದು ಕಟ್ಟುನಿಟ್ಟಿನ ಮಾತು. ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ ಆಂಪ್ಲಿಫೈಯರಿನ ಗ್ರೌಂಡಿಗೆ ಸೇರಿರುತ್ತವೆ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ, ಅಥವಾ ಗಣೇಶೋತ್ಸವದ ವೇದಿಕೆಯಲ್ಲಿ ಮೈಕಿಗೆ ಒಂದು ಲೈನು, ಆಂಪ್ಲಿಫೈಯರಿಗೆ ಇನ್ನೊಂದು ಲೈನು ಎಳೆದಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಷಾಕ್ ಹೊಡೆಯಬಹುದು. ಗುಂಯ್ ಕಡಿಮೆಯಾಗುತ್ತದೆಂದು ಪ್ಲಗ್ಗಿನ ದೊಡ್ಡ ಪಿನ್ನನ್ನು ಯಾರು ಕಿತ್ತುಹಾಕಲು ಹೇಳಿದರೂ ಕೇಳಬೇಡಿ. ತಂತಿ ಮುಟ್ಟಿದಾಗ ಬೆರಳು ಜುಮ್ಮೆಂದರೆ ಆ ಕ್ಷಣವೇ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಗಿಟಾರ್ ಮುಟ್ಟಬೇಡಿ.