ಗುಟ್ಟಿನ ಸಂಖ್ಯೆಯನ್ನು ಕರ್ನಲ್‌ನಿಂದಲೇ ಪಡೆಯಿರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಕುಳಿತು ಊರಿನ ಪತ್ತಿನ ಸಂಘಕ್ಕೋ ಅಂಗಡಿಗೋ ಸಾಫ್ಟ್‌ವೇರ್ ಬರೆಯುವ ತಮ್ಮ-ತಂಗಿಯರೇ, ಒಟಿಪಿಗೆ, ಲಾಗಿನ್ ಟೋಕನ್‌ಗೆ ಪೈಥಾನ್‌ನ ‘ರ‍್ಯಾಂಡಮ್’ ಮಾಡ್ಯೂಲ್ ಬಳಸಬೇಡಿ. ಅದರೊಳಗಿರುವುದು ಮರ್ಸೆನ್ ಟ್ವಿಸ್ಟರ್ ಎಂಬ ಸೂತ್ರ. ಅದು ಕೊಟ್ಟ 32 ಬಿಟ್‌ನ 624 ಸಂಖ್ಯೆಗಳನ್ನು ಸಾಲಾಗಿ ನೋಡಿದವರು ಮುಂದಿನವನ್ನೆಲ್ಲ ಲೆಕ್ಕ ಹಾಕಿ ಹೇಳಬಲ್ಲರು. ಆಟಕ್ಕೆ ಅದು ಸಾಕು, ಜನರ ದುಡ್ಡಿಗೆ ಸಲ್ಲದು.

ಪೈಥಾನ್ 3.6ರಿಂದ ‘ಸೀಕ್ರೆಟ್ಸ್’ ಮಾಡ್ಯೂಲ್ ಇದೆ, ಅದನ್ನು ಬಳಸಿ. ಪಿಎಚ್‌ಪಿ 7ರಿಂದ ‘ರ‍್ಯಾಂಡಮ್ ಬೈಟ್ಸ್’ ಇದೆ. ಇವು ಕೈಚಾಚುವುದು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ಗೆ. ಲಿನಕ್ಸ್‌ನಲ್ಲಿ ಅದಕ್ಕೆಂದೇ 2014ರಲ್ಲಿ, 3.17ನೇ ಆವೃತ್ತಿಯಲ್ಲಿ, ‘ಗೆಟ್‌ರ‍್ಯಾಂಡಮ್’ ಎಂಬ ಕರೆ ಬಂತು.

ಡಿಸ್ಕ್, ಕೀಬೋರ್ಡ್, ನೆಟ್‌ವರ್ಕ್ ಕಾರ್ಡ್ ಕರ್ನಲನ್ನು ಕರೆಯುವ ವೇಳೆಯಲ್ಲಿನ ಸೂಕ್ಷ್ಮ ಏರುಪೇರುಗಳನ್ನು, ನವಿಲುತೀರ್ಥದ ಅಣೆಕಟ್ಟು ಮಲಪ್ರಭೆಯ ನೀರನ್ನು ಕೂಡಿಸಿಡುವಂತೆ, ಕರ್ನಲ್ ಕೂಡಿಸಿಡುತ್ತದೆ. ಒಂದು ವ್ಯತ್ಯಾಸ ನೆನಪಿರಲಿ: ಕರ್ನಲ್‌ನ ಈ ಸಂಗ್ರಹ ಒಮ್ಮೆ ತುಂಬಿದರೆ ಎಷ್ಟು ಬಳಸಿದರೂ ಬರಿದಾಗುವುದಿಲ್ಲ, ಏಕೆಂದರೆ ಅದನ್ನೇ ಬೀಜವಾಗಿ (ಸೀಡ್) ಇಟ್ಟುಕೊಂಡು ಚಾಚಾ20 ಎಂಬ ಗೂಢಲಿಪಿ ಸೂತ್ರ ಹೊಸ ಬೈಟ್‌ಗಳನ್ನು ಹರಿಸುತ್ತಲೇ ಇರುತ್ತದೆ. ಯಂತ್ರ ಆಗಷ್ಟೇ ಶುರುವಾಗಿದ್ದರೆ ತುಂಬುವವರೆಗೂ ‘ಗೆಟ್‌ರ‍್ಯಾಂಡಮ್’ ಕಾಯಿಸುತ್ತದೆ. ಕಾಯಲಿ ಬಿಡಿ, ಅಡ್ಡದಾರಿ ಹುಡುಕಬೇಡಿ.

ಇದರ ಮೇಲೆ ನಿಮ್ಮ ಸ್ವಂತ ಜಾಣತನವನ್ನೂ ಸೇರಿಸಬೇಡಿ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಒಂದೆರಡು ಸಾಲು ತೆಗೆದರು. ಬೀಜವಾಗಿ ಪ್ರೊಸೆಸ್ ಸಂಖ್ಯೆಯೊಂದೇ ಉಳಿಯಿತು. ಒಂದೊಂದು ಬಗೆಯ ಕೀಲಿಗೆ ಸುಮಾರು 32,768 ಸಾಧ್ಯತೆಗಳಷ್ಟೇ! ಅದು ಬಯಲಾದದ್ದು 2008ರ ಮೇ ತಿಂಗಳಲ್ಲಿ.

ನಿಮ್ಮ ಹಳೆಯ ಕೋಡ್ ತೆರೆದು ಹುಡುಕಿ. ಗಡಿಯಾರದ ಸಮಯವನ್ನು ಬೀಜವಾಗಿ ಕೊಟ್ಟ ಸಾಲು ಸಿಕ್ಕರೆ ಮೊದಲು ಅದನ್ನು ಬದಲಿಸಿ.