ಹಾರ್ಡ್ ಡಿಸ್ಕ್‌ನ ಕೆಳಹಂತದ ಫಾರ್ಮ್ಯಾಟಿಂಗ್: ಒಂಬತ್ತನೇ ತರಗತಿಯಲ್ಲಿ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಈ ಪಾಠವನ್ನು ಒಂಬತ್ತನೇ ತರಗತಿಗೆ ಮಾಡಿದೆ. ಪೂರ್ವಜ್ಞಾನ ತಿಳಿಯಲು ‘ಫಾರ್ಮ್ಯಾಟ್ ಎಂದರೇನು?’ ಎಂದು ಕೇಳಿದಾಗ ‘ಎಲ್ಲಾ ಅಳಿಸಿ ಹೋಗೋದು ಸರ್’ ಎಂಬ ಉತ್ತರ ಬಂತು. ದೊಡ್ಡವರೂ ಹಾಗೇ ನಂಬಿದ್ದಾರೆ. ಈ ನಂಬಿಕೆಯನ್ನು ಸಡಿಲಿಸುವುದೇ ಪಾಠದ ಮುಖ್ಯ ಉದ್ದೇಶವಾಗಿತ್ತು.

ಬೋಧನೋಪಕರಣವಾಗಿ ಒಂದು ದಪ್ಪ ರಿಜಿಸ್ಟರ್ ಒಯ್ದಿದ್ದೆ. ಅದರ ಗೆರೆಗಳನ್ನು ಹಾಕಿದ್ದು ಮುದ್ರಣಾಲಯ. ಇದು ಕೆಳಹಂತದ ಫಾರ್ಮ್ಯಾಟಿಂಗ್. ಪುಟಗಳನ್ನು ತರಗತಿವಾರು ಹಂಚಿಕೊಳ್ಳುವುದು ಪಾರ್ಟಿಷನ್. ಮೊದಲ ಪುಟದಲ್ಲಿ ಪರಿವಿಡಿಗೆ ಜಾಗ ಮಾಡುವುದು ಮೇಲುಹಂತದ ಫಾರ್ಮ್ಯಾಟಿಂಗ್. ‘ಪರಿವಿಡಿ ಹರಿದುಹಾಕಿದರೆ ಒಳಗಿನ ಅಂಕಗಳು ಹೋಗುತ್ತವೆಯೇ?’ ಎಂದೆ. ‘ಇಲ್ಲ ಸರ್, ಹುಡುಕೋದು ಕಷ್ಟ ಆಗುತ್ತೆ ಅಷ್ಟೆ’ ಎಂದಳು ಒಬ್ಬ ವಿದ್ಯಾರ್ಥಿನಿ. ‘ಕ್ವಿಕ್ ಫಾರ್ಮ್ಯಾಟ್’ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಆದರೆ ಈ ಹೋಲಿಕೆ ಒಂದು ಕಡೆ ಸಾಲದು, ಅದನ್ನು ಮಕ್ಕಳಿಗೆ ಹೇಳಲೇಬೇಕು. ಪುಸ್ತಕದ ಗೆರೆ ಅಚ್ಚಿನದು, ಬರಹ ಪೆನ್ನಿನದು. ಡಿಸ್ಕ್‌ನಲ್ಲಿ ಗೆರೆಯೂ ಬರಹವೂ ಕಾಂತೀಯ ಗುರುತುಗಳೇ. ಕಪ್ಪುಹಲಗೆಯ ಮೇಲೆ ಒಂದರೊಳಗೊಂದು ವೃತ್ತ ಬರೆದು ಅವು ಟ್ರ್ಯಾಕ್‌ಗಳು, ಅವುಗಳ ತುಂಡುಗಳು ಸೆಕ್ಟರ್‌ಗಳು ಎಂದು ತೋರಿಸಿದೆ. 1980ರ ದಶಕದ ಡಿಸ್ಕ್‌ಗಳಲ್ಲಿ ಪ್ರತಿ ಸೆಕ್ಟರ್‌ಗೆ ಅದರ ವಿಳಾಸ, 512 ಬೈಟ್ ದತ್ತಾಂಶ, ದೋಷ ಪತ್ತೆಯ ಸಂಕೇತ, ನಡುವೆ ಖಾಲಿ ಅಂತರ ಇರುತ್ತಿದ್ದವು. ಇವನ್ನೆಲ್ಲ ಮೊದಲು ಗುರುತು ಹಾಕಿ ಇಡುವುದೇ ಕೆಳಹಂತದ ಕೆಲಸ.

ಆ ಕಾಲದ ಸೀಗೇಟ್ ಎಸ್‌ಟಿ-225 ಡಿಸ್ಕ್‌ನ ಲೆಕ್ಕ ಕೊಟ್ಟೆ: 615 ಸಿಲಿಂಡರ್, 4 ಹೆಡ್, ಟ್ರ್ಯಾಕಿಗೆ 17 ಸೆಕ್ಟರ್. ಗುಣಿಸಿದಾಗ 2,14,11,840 ಬೈಟ್, ಅಂದರೆ ಸುಮಾರು 21 ಎಂಬಿ. ‘ನಾಲ್ಕು ಹಾಡಿಗೇ ತುಂಬಿಹೋಗುತ್ತೆ!’ ಎಂದು ತರಗತಿ ನಕ್ಕಿತು. ಇಡೀ ಅವಧಿಯಲ್ಲಿ ಎಲ್ಲರೂ ಪೆನ್ನು ಹಿಡಿದದ್ದು ಆಗಲೇ.

ಅಂಥ ಡಿಸ್ಕ್‌ಗಳಲ್ಲಿ ದಿನ ಕಳೆದಂತೆ ಹೆಡ್ ಗುರುತಿನಿಂದ ಸ್ವಲ್ಪ ಸರಿಯುತ್ತಿತ್ತು. ಬಳಕೆದಾರರೇ ಡಾಸ್‌ನ ಡಿಬಗ್ ಮೂಲಕ ಮತ್ತೆ ಗೆರೆ ಹಾಕಿಸುತ್ತಿದ್ದರು. ಈಗ ಹೆಡ್‌ಗೆ ದಾರಿ ತೋರಿಸುವ ಸರ್ವೋ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆಯುತ್ತಾರೆ, ನಾವು ಅವನ್ನು ಮತ್ತೆ ಬರೆಯಲಾರೆವು. ‘ಲೋ-ಲೆವೆಲ್ ಫಾರ್ಮ್ಯಾಟ್’ ಎಂದು ಇಂದು ಸಿಗುವ ತಂತ್ರಾಂಶಗಳು ಸಾಮಾನ್ಯವಾಗಿ ಮಾಡುವುದು ಸೆಕ್ಟರ್‌ಗಳಿಗೆಲ್ಲ ಸೊನ್ನೆ ತುಂಬುವುದನ್ನು. ಹೆಸರು ತಪ್ಪಾದರೂ ಕೆಲಸ ಉಪಯುಕ್ತವೇ. ವಿಂಡೋಸ್ ಎಕ್ಸ್‌ಪಿಯ ಪೂರ್ಣ ಫಾರ್ಮ್ಯಾಟ್ ಕೆಟ್ಟ ಸೆಕ್ಟರ್ ಹುಡುಕುತ್ತಿತ್ತೇ ಹೊರತು ಹಳೆಯ ದತ್ತಾಂಶದ ಮೇಲೆ ಬರೆಯುತ್ತಿರಲಿಲ್ಲ. ವಿಸ್ಟಾದಿಂದ ಈಚೆಗೆ ಸೊನ್ನೆ ಬರೆಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಅದಕ್ಕೆ ಬೇರೆ ಪಾಠ ಬೇಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ‘ಮಕ್ಕಳ ಅಂಕ, ಮನೆವಿಳಾಸ ಇರುವ ಶಾಲೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಏನು ಮಾಡುವೆ?’ ಹೆಚ್ಚಿನವರು ‘ಸೊನ್ನೆ ತುಂಬುವೆ’ ಎಂದು ಬರೆದರು. ಒಬ್ಬ ಹುಡುಗ ‘ಡಿಸ್ಕ್ ಬಿಚ್ಚಿ ತಟ್ಟೆಗೆ ಡ್ರಿಲ್‌ನಿಂದ ತೂತು ಹಾಕುವೆ’ ಎಂದಿದ್ದ. ಅವನಿಗೂ ಪೂರ್ಣ ಅಂಕ ಕೊಟ್ಟೆ.