ಎಷ್ಟು ಮಾರಬೇಕು, ಎಷ್ಟು ಉಳಿಸಬೇಕು?

ಬೆಲೆ ಏರುವುದೋ ಇಳಿಯುವುದೋ ಎಂದು ಎಲ್ಲರೂ ಕೇಳುತ್ತಾರೆ. ‘ನನ್ನ ಎಣಿಕೆ ತಪ್ಪಿದರೆ ಎಷ್ಟು ನಷ್ಟವನ್ನು ತಾಳಬಲ್ಲೆ?’ ಎಂದು ಕೇಳುವವರು ವಿರಳ. ಆದರೆ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಬೆಲೆ ನಮ್ಮ ಅಧೀನದಲ್ಲಿಲ್ಲ. ಸರಕಿನ ಪ್ರಮಾಣ ಮಾತ್ರ ನಮ್ಮ ಅಧೀನದಲ್ಲಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಾವು ಇದಕ್ಕೆ ಉದಾಹರಣೆಯನ್ನು ದೂರ ಅರಸಬೇಕಾಗಿಲ್ಲ. ಕೊನೆಕೊಯ್ಲು ಮುಗಿದು, ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿ ಚೀಲ ತುಂಬಿದ ಮೇಲೆ ಪ್ರತಿಯೊಬ್ಬ ಬೆಳೆಗಾರನೂ ಇದೇ ಪ್ರಶ್ನೆಯನ್ನು ಎದುರಿಸುತ್ತಾನೆ. 2014ರಲ್ಲಿ ರಾಶಿ ಅಡಿಕೆಯ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಮುಂದಿನ ಎರಡು ವರ್ಷಗಳಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು. 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆಗಳು ಬೆಳೆಗಾರನಿಗೆ ಆಸರೆಯಾಗಿವೆ, ನಿಜ. ಆದರೂ ಎಷ್ಟು ಚೀಲ ಉಳಿಸಬೇಕೆಂಬ ನಿರ್ಣಯ ಅವನದೇ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಬ್ಬನಲ್ಲಿ 20 ಕ್ವಿಂಟಾಲ್ ಅಡಿಕೆ ಇದೆ. ಧಾರಣೆ 40,000 ರೂಪಾಯಿ. ಮನೆಖರ್ಚು, ಕೂಲಿ, ಸಾಲದ ಕಂತುಗಳನ್ನು ಕಳೆದು, ಅವನು ತಾಳಬಲ್ಲ ನಷ್ಟ 60,000 ರೂಪಾಯಿ. ಧಾರಣೆ ಕ್ವಿಂಟಾಲಿಗೆ 10,000 ಇಳಿದೀತೆಂದು ಅವನ ಅಂಜಿಕೆ. ಆಗ 60,000ವನ್ನು 10,000ದಿಂದ ಭಾಗಿಸಿದರೆ ಬರುವ 6 ಕ್ವಿಂಟಾಲನ್ನು ಉಳಿಸಿ, 14ನ್ನು ಮಾರುವುದು ಕ್ಷೇಮ. ಅಂಜಿಕೆ 15,000ಕ್ಕೆ ಏರಿದರೆ 4ನ್ನೇ ಉಳಿಸಬೇಕು. ಏರಿಳಿತ ಹೆಚ್ಚಿದಷ್ಟೂ ಪ್ರಮಾಣ ಕಡಿಮೆಯಾಗಬೇಕು, ಇದೇ ಸೂತ್ರ.

ವಿದೇಶೀ ಹಣದ ವ್ಯಾಪಾರಕ್ಕೂ ಈ ಸೂತ್ರವೇ ಅನ್ವಯಿಸುತ್ತದೆ. ನಮ್ಮ ದೇಶದಲ್ಲಿ 2008ರಲ್ಲಿ ಆರಂಭವಾದ ಡಾಲರ್ ವಾಯಿದೆ ವ್ಯಾಪಾರದಲ್ಲಿ ಒಂದು ಒಪ್ಪಂದವೆಂದರೆ 1,000 ಡಾಲರ್. ದರ ಒಂದು ರೂಪಾಯಿ ಸರಿದರೆ 1,000 ರೂಪಾಯಿ ಲಾಭ ಅಥವಾ ನಷ್ಟ. 2,000 ರೂಪಾಯಿ ನಷ್ಟವನ್ನಷ್ಟೇ ತಾಳಬಲ್ಲವನು, ಒಂದು ರೂಪಾಯಿಯ ಏರಿಳಿತಕ್ಕೆ ಸಿದ್ಧನಾಗಿ, ಎರಡೇ ಒಪ್ಪಂದಗಳಿಗೆ ನಿಲ್ಲಬೇಕು.

ಆದರೆ ಒಂದು ಭೇದವುಂಟು. ಅಟ್ಟದ ಮೇಲಿನ ಅಡಿಕೆ ಸ್ವಂತದ್ದು. ಸಾಲದ ಒತ್ತಡವಿಲ್ಲದಿದ್ದರೆ ಕಾಯಬಹುದು. ವಾಯಿದೆಯಲ್ಲಿ ಅಲ್ಪ ಠೇವಣಿಯಿಟ್ಟು ದೊಡ್ಡ ಮೊತ್ತಕ್ಕೆ ಕೈಹಾಕುವುದರಿಂದ ನಷ್ಟವು ಠೇವಣಿಯನ್ನೂ ಮೀರಬಹುದು. ಬೆಲೆ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕೆಂಬ ನಿಯಮವೂ ಇಲ್ಲ. 1966ರ ಜೂನ್ 6ರಂದು ಡಾಲರಿನ ದರ 4.76 ರೂಪಾಯಿಯಿಂದ ಒಮ್ಮೆಲೇ 7.50ಕ್ಕೆ ಜಿಗಿಯಿತು. ನಡುವೆ ನಿಲ್ಲಲು ತಾಣವೇ ಇರಲಿಲ್ಲ. ಆದುದರಿಂದ ಗೊತ್ತುಮಾಡಿದ ಮಿತಿಯಲ್ಲಿಯೂ ಒಂದಂಶವನ್ನು ಬಿಟ್ಟು ನಡೆಯುವುದು ವಿವೇಕ.

ನಷ್ಟವಾದ ಮೇಲೆ ಅದನ್ನು ತುಂಬಿಕೊಳ್ಳುವ ಆತುರದಿಂದ ಪ್ರಮಾಣವನ್ನು ಇಮ್ಮಡಿಸುವುದು ಎಲ್ಲಕ್ಕಿಂತ ಅಪಾಯಕರ. ನೂರರಲ್ಲಿ ಐವತ್ತು ಕಳೆದವನು ಮೊದಲಿನ ನೂರಕ್ಕೆ ಮರಳಲು, ಉಳಿದ ಐವತ್ತರ ಮೇಲೆ ನೂರಕ್ಕೆ ನೂರು ಗಳಿಸಬೇಕಲ್ಲವೇ? ಒಂದು ವರ್ಷದ ಧಾರಣೆ ತಪ್ಪಿದರೂ ಮುಂದಿನ ಮಳೆಗಾಲಕ್ಕೆ ಕೊಟ್ಟೆ ಕಟ್ಟಿಸಲು, ಬೋರ್ಡೋ ಹೊಡೆಸಲು ಕೈಯಲ್ಲಿ ಹಣ ಉಳಿದಿರಬೇಕು. ತೋಟ ಉಳಿದರೆ ಧಾರಣೆ ಮತ್ತೆ ಬಂದೀತು.